ಅಂಚಿನಿಂದ ಒಳಬರುವ ನೀರು

ದಾವಣಗೆರೆಯ ಕಾಲೇಜೊಂದರಲ್ಲಿ ಒಂದು ಸಂಜೆ ಮಾಡಿದ ಉಪನ್ಯಾಸ ಇದು. ರೇಡಿಯೇಷನ್ ಅಳೆಯುವ ಫಿಲ್ಮಿನೊಳಗೆ ನೀರು ಸೇರಿದರೆ ಏನಾಗುತ್ತದೆ ಅನ್ನುವುದು ವಿಷಯ. ಬಿ.ಎಸ್ಸಿ. ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಜೊತೆ ಊರಿನ ಹಲವರೂ ಬಂದಿದ್ದರು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ ಇದೆ. ಈ ಗಾಜಿನ ಲೋಟದಲ್ಲಿ ನೀಲಿ ಇಂಕು ಬೆರೆಸಿದ ನೀರಿದೆ. ನನ್ನ ಕೈಯಲ್ಲಿ ಎರಡು ಚೀಟಿಗಳಿವೆ. ಎರಡನ್ನೂ ಬೆಳಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದೆ. ಒಂದಕ್ಕೆ ಸುತ್ತಲೂ ಪ್ಲಾಸ್ಟಿಕ್ ಅಂಚು ಬಿಡಿಸಿದ್ದೇನೆ, ಆಧಾರ್ ಕಾರ್ಡಿಗೆ ಬಿಡುತ್ತಾರಲ್ಲ, ಹಾಗೆ. ಇನ್ನೊಂದನ್ನು ಕಾಗದದ ಮೇಲೇ ಕತ್ತರಿ ಆಡಿಸಿ ಕತ್ತರಿಸಿದ್ದೇನೆ. ಪಕ್ಕದಿಂದ ನೋಡಿದರೆ ನಡುವೆ ಕಾಗದ ಕಾಣುತ್ತದೆ. ಎರಡನ್ನೂ ಲೋಟದಲ್ಲಿ ಮುಳುಗಿಸುತ್ತೇನೆ. ಮುಂದಿನ ಸಾಲಿನಲ್ಲಿ ಯಾರ ಹತ್ತಿರವಾದರೂ ಸ್ಕೇಲ್ ಇದೆಯಾ? ಸರಿ ಮಗಳೇ, ನಿನ್ನ ಹತ್ತಿರವೇ ಇರಲಿ. ಟೈಮ್ ಎಷ್ಟಾಯಿತು ಅಂತಲೂ ಬರೆದಿಟ್ಟುಕೋ.

ನಾನು ಮೆಡಿಕಲ್ ಫಿಸಿಸಿಸ್ಟ್. ಕ್ಯಾನ್ಸರ್ ರೋಗಿಗಳಿಗೆ ಕೊಡುವ ರೇಡಿಯೇಷನ್ ಸರಿಯಾದ ಜಾಗಕ್ಕೆ, ಸರಿಯಾದ ಪ್ರಮಾಣದಲ್ಲಿ ಬೀಳುತ್ತಿದೆಯಾ ಅಂತ ಅಳೆಯುವುದು ನನ್ನ ಕೆಲಸ. ನಮ್ಮ ಕಡೆ ಈ ಚಿಕಿತ್ಸೆಗೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ‘ನಮ್ಮಮ್ಮನಿಗೆ ಇಪ್ಪತ್ತೈದು ಕರೆಂಟ್ ಆಯ್ತು’ ಅಂತ ಹೇಳುವವರು ಈ ಹಾಲ್‌ನಲ್ಲೂ ಇರಬಹುದು. ಅದು ವಿದ್ಯುತ್ ಅಲ್ಲ, ಹೆಚ್ಚು ಶಕ್ತಿಯ ಎಕ್ಸ್-ರೇ ಅಥವಾ ಗಾಮಾ ಕಿರಣ. ಆದರೆ ಆ ಮಾತನ್ನು ನಾನು ತಿದ್ದಲು ಹೋಗುವುದಿಲ್ಲ. ಕಷ್ಟದಲ್ಲಿರುವ ಜನ ತಮಗೆ ಅರ್ಥವಾಗುವ ಹೆಸರು ಇಟ್ಟುಕೊಂಡಿದ್ದಾರೆ, ಅಷ್ಟೇ.

ಈ ಕರೆಂಟನ್ನು ಅಳೆಯುವ ಮಾನ ಗ್ರೇ. ಒಂದು ಕಿಲೋ ಮಾಂಸಖಂಡ ಒಂದು ಜೂಲ್ ಶಕ್ತಿ ಹೀರಿಕೊಂಡರೆ ಅದು 1 ಗ್ರೇ. ಜೂಲ್ ಅಂದರೆ ದೊಡ್ಡದೇನಲ್ಲ. 1 ಗ್ರೇ ಬಿದ್ದ ನೀರು ಎಷ್ಟು ಬಿಸಿಯಾಗುತ್ತದೆ ಗೊತ್ತಾ? ಸುಮಾರು 0.00024 ಡಿಗ್ರಿ ಸೆಲ್ಸಿಯಸ್. ಕೈ ಇಟ್ಟರೆ ಗೊತ್ತಾಗುವುದಿಲ್ಲ, ಮನೆಯ ಥರ್ಮಾಮೀಟರ್‌ಗೂ ಗೊತ್ತಾಗುವುದಿಲ್ಲ. ಆದರೆ ಅದೇ ಅಳತೆಯ ನಾಲ್ಕೈದು ಗ್ರೇ ಇಡೀ ಮೈಗೆ ಒಂದೇ ಸಲ ಬಿದ್ದರೆ ಮನುಷ್ಯ ಸಾಯಬಹುದು. ಇಷ್ಟು ಸಣ್ಣ ಶಕ್ತಿ ಇಷ್ಟು ದೊಡ್ಡ ಪರಿಣಾಮ ಮಾಡುತ್ತದೆ. ಅದಕ್ಕೇ ಅಳತೆಯಲ್ಲಿ ಉದಾಸೀನ ನಡೆಯುವುದಿಲ್ಲ.

ಒಂದು ಲೆಕ್ಕ ನೋಡಿ. ದಿನಕ್ಕೆ 2 ಗ್ರೇ ಹಾಗೆ 25 ದಿನ, ಒಟ್ಟು 50 ಗ್ರೇ. ಇದು ಬಹಳ ಕಡೆ ನಡೆಯುವ ಪದ್ಧತಿ. ಇದರಲ್ಲಿ ನೂರಕ್ಕೆ ಐದು ತಪ್ಪಿದರೆ 2.5 ಗ್ರೇ. ಅಂದರೆ ಒಂದು ದಿನದ ಪಾಲಿಗಿಂತ ಜಾಸ್ತಿ. ಕಡಿಮೆ ಬಿದ್ದರೆ ಗಡ್ಡೆ ಉಳಿದುಕೊಳ್ಳಬಹುದು. ಜಾಸ್ತಿ ಬಿದ್ದರೆ ಪಕ್ಕದ ಕರುಳೋ ಮೂತ್ರಕೋಶವೋ ಸುಡಬಹುದು. ರೋಗಿಗೆ ಮುಟ್ಟುವ ಡೋಸ್ ಐದು ಪರ್ಸೆಂಟ್ ಒಳಗೇ ಸರಿ ಇರಬೇಕು ಅಂತ 1976ರಿಂದಲೂ ಅಂತರರಾಷ್ಟ್ರೀಯ ಶಿಫಾರಸು ಇದೆ. ಮಷಿನ್, ಪ್ಲಾನ್, ರೋಗಿ ಮಲಗುವ ರೀತಿ, ಎಲ್ಲದರ ತಪ್ಪೂ ಸೇರಿ ಐದು. ಅಳೆಯುವ ಸಾಧನವೇ ಅದರಲ್ಲಿ ಎರಡೋ ಮೂರೋ ತಿಂದುಬಿಟ್ಟರೆ ಉಳಿದವಕ್ಕೆ ಏನು ಮಿಕ್ಕೀತು?

ಎಲ್ಲಿ ಅಳೆಯುತ್ತೇವೆ? ನೀರಿನಲ್ಲಿ. ನಮ್ಮ ಮೈಯಲ್ಲಿ ಬಹುಪಾಲು ನೀರೇ ಇರುವುದು. ಕಿರಣ ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೋ ಮಾಂಸಖಂಡದಲ್ಲೂ ಹೆಚ್ಚುಕಡಿಮೆ ಹಾಗೇ. ಅದಕ್ಕೆ ದೊಡ್ಡ ಅಕ್ವೇರಿಯಂ ಥರದ ತೊಟ್ಟಿ ಇಟ್ಟು, ನೀರು ತುಂಬಿ, ಒಳಗೆ ಸಾಧನ ಇಳಿಸಿ ಅಳೆಯುತ್ತೇವೆ. ತೊಟ್ಟಿಗೆ ವಾಟರ್ ಫ್ಯಾಂಟಮ್ ಅನ್ನುತ್ತೇವೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2000ದಲ್ಲಿ ಹೊರತಂದ ಟಿಆರ್‌ಎಸ್-398 ಕೈಪಿಡಿಯೂ ನೀರಿನ ಡೋಸನ್ನೇ ಲೆಕ್ಕದ ತಳಹದಿ ಮಾಡಿದೆ. 10 ಸೆಂಟಿಮೀಟರ್ ಆಳ, 10 ಸೆಂಟಿಮೀಟರ್ ಚೌಕದ ಕಿರಣ. ಇದು ನಮಗೆಲ್ಲ ಬಾಯಿಪಾಠ.

ಒಳಗೆ ಇಳಿಸುವ ಸಾಧನ ಸಾಮಾನ್ಯವಾಗಿ ಐಯಾನ್ ಚೇಂಬರ್. ಬೆರಳಿನಷ್ಟು ಉದ್ದ, ಒಳಗೆ 0.6 ಸಿಸಿ ಗಾಳಿ. ಬಹಳ ನಂಬಿಕಸ್ಥ. ಆದರೆ ಅದು ಹೇಳುವುದು ತಾನಿರುವ ಜಾಗದ ಕಥೆ ಮಾತ್ರ. ಡೋಸ್ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವ ಪೂರ್ತಿ ನಕ್ಷೆ ಬೇಕಾದರೆ ಫಿಲ್ಮ್ ಬೇಕು.

ಇದೇ ಆ ಫಿಲ್ಮ್. ನೋಡಿ, ತಿಳಿ ಹಳದಿ-ಹಸಿರು. ಇದು ರೇಡಿಯೇಷನ್ ಬೀಳದ ತುಂಡು. ಇನ್ನೊಂದು ಕೈಯಲ್ಲಿರುವುದು ಬಿದ್ದ ತುಂಡು. ನಡುವೆ ಕಡು ಬಣ್ಣದ ಚೌಕ ಕಾಣುತ್ತಾ? ಯಾವ ಡೆವಲಪರ್ ಇಲ್ಲ, ಕತ್ತಲೆ ಕೋಣೆ ಇಲ್ಲ. ಕಿರಣ ಬಿದ್ದರೆ ತಾನೇ ಬಣ್ಣ ತಿರುಗುತ್ತದೆ. ಇದಕ್ಕೆ ರೇಡಿಯೋಕ್ರೋಮಿಕ್ ಫಿಲ್ಮ್ ಅನ್ನುತ್ತೇವೆ. ಬಹಳ ಕಾಲ ಹೆಚ್ಚು ಬಳಕೆಯಲ್ಲಿದ್ದ ಗ್ಯಾಫ್‌ಕ್ರೋಮಿಕ್ ಇಬಿಟಿ3 ಅನ್ನುವ ಫಿಲ್ಮ್ ತಗೊಂಡರೆ, ನಡುವೆ 28 ಮೈಕ್ರಾನ್ ದಪ್ಪದ ಪದರ. ತಲೆಗೂದಲಿಗಿಂತ ತೆಳು. ಅದರ ಎರಡೂ ಕಡೆ 125 ಮೈಕ್ರಾನ್ ಪಾಲಿಯೆಸ್ಟರ್ ಹೊದಿಕೆ. ನಡುವಿನ ಪದರದಲ್ಲಿ ಕೂದಲೆಳೆಯಂಥ ಸಣ್ಣ ಹರಳುಗಳಿವೆ. ಪೆಂಟಕೋಸಾಡೈಯಿನೋಯಿಕ್ ಆಸಿಡ್‌ನ ಲಿಥಿಯಂ ಲವಣ ಅಂತ ದೊಡ್ಡ ಹೆಸರು. ಕಿರಣ ತಗುಲಿದಾಗ ಹರಳಿನ ಒಳಗಿನ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗುತ್ತವೆ, ದಾರಕ್ಕೆ ಮಲ್ಲಿಗೆ ಪೋಣಿಸಿದ ಹಾಗೆ. ಆ ಸರಪಳಿ ಕೆಂಪು ಬೆಳಕನ್ನು ಹೀರುತ್ತದೆ, ಅದಕ್ಕೇ ನಮ್ಮ ಕಣ್ಣಿಗೆ ನೀಲಿ. ಡೋಸ್ ಜಾಸ್ತಿಯಾದಷ್ಟೂ ಬಣ್ಣ ಕಡುವಾಗುತ್ತದೆ.

ಬಣ್ಣವನ್ನು ಕಣ್ಣಲ್ಲಿ ಅಳೆಯುವುದಿಲ್ಲ. ಫ್ಲಾಟ್‌ಬೆಡ್ ಸ್ಕ್ಯಾನರ್ ಮೇಲೆ ಇಟ್ಟು, ಎಷ್ಟು ಕೆಂಪು ಬೆಳಕು ಆಚೆ ಹೋಯಿತು ಅಂತ ನೋಡುತ್ತೇವೆ. ಬಣ್ಣ ಎಷ್ಟು ಕಡು ಅನ್ನುವ ಅಳತೆಗೆ ಆಪ್ಟಿಕಲ್ ಡೆನ್ಸಿಟಿ ಅನ್ನುತ್ತೇವೆ. ಹತ್ತರಲ್ಲಿ ಒಂದು ಪಾಲು ಮಾತ್ರ ಹೋದರೆ ಅದು 1, ಅರ್ಧ ಹೋದರೆ ಸುಮಾರು 0.3. ಮುಂಚೆಯೇ ಗೊತ್ತಿರುವ ಡೋಸ್ ಕೊಟ್ಟ ತುಂಡುಗಳಿಂದ ಒಂದು ಗ್ರಾಫ್ ಮಾಡಿಟ್ಟುಕೊಂಡು, ಅದರ ಪ್ರಕಾರ ಬಣ್ಣವನ್ನು ಡೋಸ್ ಆಗಿ ಓದುತ್ತೇವೆ. ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸ್ಕ್ಯಾನರ್‌ಗೆ ಗೊತ್ತಾಗುವುದು ಬೆಳಕು ಮಾತ್ರ. ಬೆಳಕು ಯಾಕೆ ಕಡಿಮೆ ಬಂತು, ರೇಡಿಯೇಷನ್‌ನಿಂದಲೋ ಬೇರೆ ಯಾವುದರಿಂದಲೋ, ಅದಕ್ಕೆ ಗೊತ್ತಾಗುವುದಿಲ್ಲ.

ಈಗ ನನ್ನ ಟ್ರೇನಿಂಗ್ ದಿನಗಳ ಒಂದು ಘಟನೆ ಹೇಳುತ್ತೇನೆ. ಬೇರೆ ಊರಿನ ಒಂದು ಆಸ್ಪತ್ರೆ. ಸಂಜೆ ಆರಕ್ಕೆ ರೋಗಿಗಳೆಲ್ಲ ಮುಗಿದ ಮೇಲೆ ತೊಟ್ಟಿಗೆ ಫಿಲ್ಮ್ ಇಳಿಸಿದೆವು. ಇನ್ನೇನು ಕಿರಣ ಬಿಡಬೇಕು, ಮಷಿನ್ ಕೈಕೊಟ್ಟಿತು. ಎಂಜಿನಿಯರ್ ಬರುವುದು ಬೆಳಗ್ಗೆಯೇ ಅಂದರು. ಫಿಲ್ಮನ್ನು ಸರಿಯಾದ ಜಾಗಕ್ಕೆ ಹೊಂದಿಸಲು ಒಂದು ಗಂಟೆ ಹಿಡಿದಿತ್ತು. ಮತ್ತೆ ಯಾರು ಹೊಂದಿಸುತ್ತಾರೆ ಅಂತ ಅದನ್ನು ನೀರಲ್ಲೇ ಬಿಟ್ಟು ಬಂದೆ. ಪಾಲಿಯೆಸ್ಟರ್ ತಾನೇ, ನೀರು ಏನು ಮಾಡುತ್ತದೆ ಅನ್ನುವ ಧೈರ್ಯ.

ಬೆಳಗ್ಗೆ ಮಷಿನ್ ರಿಪೇರಿ ಆಯಿತು, ಕಿರಣ ಕೊಟ್ಟೆವು, ಫಿಲ್ಮ್ ಹೊರತೆಗೆದೆ. ನಾಲ್ಕೂ ಅಂಚು ಬೆಳ್ಳಗೆ ಮಂಜು ಕವಿದ ಹಾಗಿತ್ತು. ಚಳಿಗಾಲದ ಬೆಳಗ್ಗೆ ಬಸ್ಸಿನ ಕಿಟಕಿ ಗಾಜು ಇರುತ್ತದಲ್ಲ, ಹಾಗೆ. ಒರೆಸಿದೆ, ಹೋಗಲಿಲ್ಲ. ಬೆಳಕಿಗೆ ಹಿಡಿದರೆ ಮಂಜಿನ ಗೆರೆ ಅಂಚಿಗೆ ಸಮಾನಾಂತರವಾಗಿ ಓಡುತ್ತಿತ್ತು, ಯಾರೋ ಪೆನ್ಸಿಲ್‌ನಿಂದ ಎಳೆದ ಹಾಗೆ. ಒಂದು ಕಡೆ ಮಾತ್ರ ಗೆರೆ ಒಳಕ್ಕೆ ನುಗ್ಗಿತ್ತು. ಅಲ್ಲಿ ನನ್ನ ಕತ್ತರಿ ಮೊಂಡಾಗಿ ಪದರ ಸ್ವಲ್ಪ ಬಿಟ್ಟುಕೊಂಡಿತ್ತು.

ನಮ್ಮ ಸರ್ ಬೈಯಲಿಲ್ಲ. ಫಿಲ್ಮ್ ಬಿಸಾಡಲೂ ಬಿಡಲಿಲ್ಲ. ‘ಸ್ಕ್ಯಾನ್ ಮಾಡು, ನೀರು ಎಷ್ಟು ದೂರ ಬಂದಿದೆ ಅಳತೆ ತಗೋ’ ಅಂದರು. ಸ್ಕ್ಯಾನ್ ಮಾಡಿದರೆ ಮಧ್ಯದ ನಕ್ಷೆ ನೆಟ್ಟಗಿತ್ತು. ಅಂಚಿನ ಕಡೆ ಬಂದಂತೆ ಓದುಗಳು ಎಲ್ಲೆಲ್ಲಿಗೋ ಹೋಗಿದ್ದವು. ಕಿರಣದ ಅಂಚು ಯಾವುದು, ನೀರಿನ ಅಂಚು ಯಾವುದು ಅಂತ ಬೇರೆ ಮಾಡಲು ಆಗಲಿಲ್ಲ. ಆ ಅಳತೆಯನ್ನು ನಂಬಿ ಒಬ್ಬ ರೋಗಿಯ ಪ್ಲಾನ್ ಪಾಸ್ ಮಾಡಿದ್ದರೆ? ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆ ಇದೆ. ಈ ವಿಷಯದ ಮೇಲೆ ಮಾತಾಡಲು ಒಪ್ಪಿಕೊಂಡದ್ದೂ ಅದಕ್ಕೇ.

ಆದದ್ದು ಏನು? ನೀರು ಪಾಲಿಯೆಸ್ಟರ್ ತೂರಿಕೊಂಡು ಒಳಗೆ ಹೋಗಿರಲಿಲ್ಲ. ಕತ್ತರಿಸಿದ ಅಂಚಿನಿಂದ ಹೋಗಿತ್ತು. ಬಚ್ಚಲುಮನೆಯ ಪ್ಲೈವುಡ್ ಬಾಗಿಲು ನೋಡಿದ್ದೀರಲ್ಲ? ಮೇಲೆ ಪೇಂಟು, ಸನ್‌ಮೈಕಾ ಎಲ್ಲ ಗಟ್ಟಿಯಾಗೇ ಇರುತ್ತದೆ. ಉಬ್ಬಿ ಸೀಳುವುದು ಕೆಳಗಿನ ಅಂಚು. ಕಾರ್ಪೆಂಟರ್ ಕತ್ತರಿಸಿ ಹಾಗೇ ಬಿಟ್ಟ ಜಾಗ. ಫಿಲ್ಮೂ ಹಾಗೇ. ಕಾರ್ಖಾನೆಯಿಂದ ದೊಡ್ಡ ಹಾಳೆಯಾಗಿ ಬರುತ್ತದೆ, ನಾವು ಬೇಕಾದ ಅಳತೆಗೆ ತುಂಡು ಮಾಡುತ್ತೇವೆ. ಪ್ರತಿ ತುಂಡಿಗೂ ನಾಲ್ಕು ಹೊಸ ಬಾಗಿಲು ತೆರೆದ ಹಾಗಾಗುತ್ತದೆ. ನಡುವಿನ ಪದರ ನೀರನ್ನು ಹೀರಿ ಉಬ್ಬುತ್ತದೆ, ಬೆಳಕನ್ನು ಚದುರಿಸುತ್ತದೆ. ಸ್ಕ್ಯಾನರ್‌ಗೆ ಅದೂ ಡೋಸ್ ಬದಲಾದ ಹಾಗೇ ಕಾಣುತ್ತದೆ.

ಎಷ್ಟು ದೂರ ಹೋಗುತ್ತದೆ ಅನ್ನುವುದು ಎಷ್ಟು ಹೊತ್ತು ನೆನೆಯಿತು ಅನ್ನುವುದರ ಮೇಲಿದೆ. ಒಂದು ರಾತ್ರಿ, ಒಂದು ಹಗಲು ಬಿಟ್ಟರೆ ಮಿಲಿಮೀಟರ್‌ಗಟ್ಟಲೆ. ಆದರೆ ನೀರು ಒಂದೇ ಓಟದಲ್ಲಿ ಓಡುವುದಿಲ್ಲ. ಮೊದಲು ಬೇಗ ನುಗ್ಗುತ್ತದೆ, ಆಮೇಲೆ ನಿಧಾನ. ಹೀಗೆ ಇಂಗುವ ನೀರಿಗೆ ಸಾಮಾನ್ಯವಾಗಿ ಒಂದು ಲೆಕ್ಕ ಇದೆ: ಎರಡು ಪಟ್ಟು ದೂರ ಹೋಗಲು ನಾಲ್ಕು ಪಟ್ಟು ಸಮಯ. ಹಾಗಾಗಿ ‘ಹತ್ತೇ ನಿಮಿಷ ತಾನೇ’ ಅನ್ನುವ ಉದಾಸೀನ ಬೇಡ. ಆದರೂ ಅರ್ಧ ಗಂಟೆಯ ಒಳಗೆ ಕೆಲಸ ಮುಗಿಸಿದ ಫಿಲ್ಮಿಗೂ ರಾತ್ರಿಯೆಲ್ಲ ನೆನೆದ ಫಿಲ್ಮಿಗೂ ಹೋಲಿಕೆಯೇ ಇಲ್ಲ.

ತುಂಡಿನ ಗಾತ್ರವೂ ಮುಖ್ಯ. ಭದ್ರಾ ನಾಲೆ ಕೆಳಗೆ ಗದ್ದೆ ಇರುವವರು ಇಲ್ಲಿ ಇದ್ದೀರಿ. ಸಣ್ಣ ಗದ್ದೆಯಲ್ಲಿ ಬದುವೇ ಜಾಸ್ತಿ ಜಾಗ ತಿನ್ನುತ್ತದೆ, ಅಲ್ವಾ? ಇದೂ ಅದೇ. ನೀರು ಸುತ್ತಲೂ 5 ಮಿಲಿಮೀಟರ್ ಒಳಗೆ ಬಂತು ಅಂತ ಇಟ್ಟುಕೊಳ್ಳಿ. 2 ಸೆಂಟಿಮೀಟರ್ ಚೌಕದ ತುಂಡಿನಲ್ಲಿ ನಡುವೆ ಉಳಿಯುವುದು 1 ಸೆಂಟಿಮೀಟರ್ ಚೌಕ. ನಾಲ್ಕರಲ್ಲಿ ಮೂರು ಪಾಲು ಹೋಯಿತು. ಅದೇ 5 ಸೆಂಟಿಮೀಟರ್ ತುಂಡಾದರೆ 25ರಲ್ಲಿ 16 ಪಾಲು ಉಳಿಯುತ್ತದೆ. ದುಬಾರಿ ಫಿಲ್ಮ್ ಅಂತ ಜಿಪುಣತನ ಮಾಡಿ ಸಣ್ಣಗೆ ಕತ್ತರಿಸಿದರೆ ಕೊನೆಗೆ ಓದಲು ಜಾಗವೇ ಇರುವುದಿಲ್ಲ.

ಕೆಲವು ಕಡೆ ಸಣ್ಣ ತುಂಡು ಅನಿವಾರ್ಯ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಒಳಗಿನಿಂದಲೇ ಚಿಕಿತ್ಸೆ ಕೊಡುತ್ತಾರೆ. ಇರಿಡಿಯಂ-192ರ ಅಕ್ಕಿಕಾಳಿನಷ್ಟು ಸಣ್ಣ ಮೂಲವನ್ನು ಗಡ್ಡೆಯ ಪಕ್ಕಕ್ಕೇ ಕಳಿಸುತ್ತಾರೆ. ಮೂಲದಿಂದ 1 ಸೆಂಟಿಮೀಟರ್‌ನಲ್ಲಿ ಇರುವ ಡೋಸ್ 2 ಸೆಂಟಿಮೀಟರ್‌ಗೆ ಹೋದರೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟು ಕಡಿದಾದ ಇಳಿಜಾರು. ಅದನ್ನು ನೀರಿನಲ್ಲಿ ಅಳೆಯುವಾಗ ಮೂಲದ ಪಕ್ಕದಲ್ಲೇ ಸಣ್ಣ ಫಿಲ್ಮ್ ಇಡಬೇಕು. ಒಂದು ಮಿಲಿಮೀಟರ್ ಅತ್ತಿತ್ತ ಆದರೂ ಲೆಕ್ಕ ತಪ್ಪುವ ಜಾಗದಲ್ಲಿ ನೀರಿನ ಮಂಜು ಕೂತರೆ ಕೆಲಸ ಕೆಟ್ಟಿತು. ನಮ್ಮ ಊರುಗಳ ಎಷ್ಟೋ ಹೆಣ್ಣುಮಕ್ಕಳಿಗೆ ಈ ಚಿಕಿತ್ಸೆ ಆಗುತ್ತದೆ. ತಡವಾಗಿ ಬರುತ್ತಾರೆ, ಹೇಳಿಕೊಳ್ಳಲು ನಾಚಿಕೊಂಡು ಸುಮ್ನೆ ನೋವು ನುಂಗಿರುತ್ತಾರೆ. ಬಂದ ಮೇಲಾದರೂ ಅವರಿಗೆ ಸಿಗುವುದು ಸರಿಯಾದ ಅಳತೆಯದ್ದಾಗಿರಬೇಕು.

ಹಾಗಾದರೆ ಏನು ಮಾಡುತ್ತೇವೆ? ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಜೊತೆ ತುಂಡು. ಅದೇ ಹಾಳೆಯಿಂದ, ಅದೇ ಅಳತೆಯ ಇನ್ನೊಂದು ತುಂಡು ಕತ್ತರಿಸಿ, ಅದೇ ನೀರಿನಲ್ಲಿ ಅಷ್ಟೇ ಹೊತ್ತು ನೆನೆಸುತ್ತೇವೆ. ಆದರೆ ಅದಕ್ಕೆ ಕಿರಣ ಕೊಡುವುದಿಲ್ಲ. ಅದರಲ್ಲಿ ಏನಾದರೂ ಬದಲಾವಣೆ ಕಂಡರೆ ಅದು ನೀರಿನದು. ಅಳತೆಯ ತುಂಡಿನ ಓದಿನಿಂದ ಅದನ್ನು ಕಳೆಯುತ್ತೇವೆ. ಇದನ್ನು ಕಂಟ್ರೋಲ್ ಅನ್ನುತ್ತೇವೆ. ಪೂರ್ತಿ ಸರಿಹೋಗುವುದಿಲ್ಲ. ಯಾಕೆಂದರೆ ಆಗಲೇ ಕಡುವಾದ ಫಿಲ್ಮಿನ ಮೇಲೂ ತಿಳಿಯಾದ ಫಿಲ್ಮಿನ ಮೇಲೂ ನೀರಿನ ಪರಿಣಾಮ ಒಂದೇ ಥರ ಇರುವುದಿಲ್ಲ. ಆದರೂ ಕಣ್ಣುಕಟ್ಟಿ ನಡೆಯುವುದಕ್ಕಿಂತ ಎಷ್ಟೋ ಮೇಲು.

ಉಳಿದದ್ದು ಕೈಕೆಲಸ. ಹರಿತವಾದ ಕಟ್ಟರ್‌ನಿಂದ ಒಂದೇ ಎಳೆತಕ್ಕೆ ಕತ್ತರಿಸಬೇಕು. ಆಸಕ್ತಿ ಇರುವ ಜಾಗ ಅಂಚಿನಿಂದ ದೂರ ಇರಬೇಕು. ತೊಟ್ಟಿ, ಮಷಿನ್ ಎಲ್ಲ ರೆಡಿ ಆದ ಮೇಲೆಯೇ ಫಿಲ್ಮ್ ಇಳಿಸಬೇಕು, ಮುಗಿದ ತಕ್ಷಣ ತೆಗೆಯಬೇಕು. ಎಷ್ಟು ನಿಮಿಷ ನೆನೆಯಿತು ಅಂತ ಬರೆದಿಡಬೇಕು. ಹನಿಗಳನ್ನು ಮೆತ್ತಗೆ ಒತ್ತಿ ತೆಗೆಯಬೇಕು, ಉಜ್ಜಬಾರದು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಉಪ್ಪು ನಿಮಗೆ ಗೊತ್ತು, ಬಕೆಟ್ ಅಂಚಿಗೂ ಹಂಡೆಗೂ ಬಿಳಿ ಪದರ ಕಟ್ಟುತ್ತದೆ. ಆ ನೀರಿನ ಹನಿ ಫಿಲ್ಮ್ ಮೇಲೆ ಒಣಗಿದರೆ ಸುತ್ತ ಬಿಳಿ ಉಂಗುರ ಉಳಿಯುತ್ತದೆ, ಸ್ಕ್ಯಾನರ್ ಅದನ್ನೂ ಓದುತ್ತದೆ. ಅದಕ್ಕೆ ತೊಟ್ಟಿಗೆ ಡಿಸ್ಟಿಲ್ಡ್ ವಾಟರ್.

ಬೇಗ ಒಣಗಲಿ ಅಂತ ಹೇರ್ ಡ್ರೈಯರ್ ಹಿಡಿಯಬಾರದು. ಇದು ನನಗೆ ಬಹಳ ಇಷ್ಟವಾದ ಸಂಗತಿ: ಆ ಹರಳುಗಳಿಗೆ ತಮ್ಮದೇ ಸ್ವಲ್ಪ ನೀರು ಬೇಕು. ಅದನ್ನೂ ಒಣಗಿಸಿಬಿಟ್ಟರೆ ಅವು ಹೀರುವ ಬೆಳಕಿನ ಬಣ್ಣವೇ ಆಚೆ ಸರಿಯುತ್ತದೆ, ಕಿರಣಕ್ಕೆ ಸ್ಪಂದಿಸುವುದೂ ಕಡಿಮೆಯಾಗುತ್ತದೆ. ಜಾಸ್ತಿ ನೀರೂ ಆಗದು, ಇಲ್ಲದೆಯೂ ಆಗದು. ಹೇಗೂ ಕಿರಣ ಬಿದ್ದ ಮೇಲೂ ಬಣ್ಣ ನಿಧಾನವಾಗಿ ಕಡುವಾಗುತ್ತಲೇ ಇರುತ್ತದೆ, ಸಾಮಾನ್ಯವಾಗಿ ಒಂದು ದಿನ ಕಾದು ಸ್ಕ್ಯಾನ್ ಮಾಡುತ್ತೇವೆ. ಆ ದಿನವೆಲ್ಲ ಫಿಲ್ಮ್ ನೆರಳಲ್ಲಿ ತಾನಾಗಿ ಒಣಗಲಿ.

ನೀರೇ ಬೇಡ ಅಂದರೆ ನೀರಿನಂತೆ ನಡೆದುಕೊಳ್ಳುವ ಪ್ಲಾಸ್ಟಿಕ್ ಹಲಗೆಗಳಿವೆ. ನಡುವೆ ಫಿಲ್ಮ್ ಇಟ್ಟು ಒತ್ತಬಹುದು. ದಿನನಿತ್ಯದ ಕೆಲಸಕ್ಕೆ ಅದೇ ಸಾಕು. ಆದರೆ ಹಲಗೆಗಳ ಸಂದಿಯಲ್ಲಿ ಗಾಳಿ ಉಳಿದರೆ ಅದರ ಕಾಟ ಬೇರೆ. ನೀರಿಗೆ ಸಂದಿ ಇರುವುದಿಲ್ಲ. ಅದು ಎಲ್ಲ ಕಡೆ ತುಂಬಿಕೊಳ್ಳುತ್ತದೆ. ನಮಗೆ ಅನುಕೂಲವೂ ಅದೇ, ತೊಂದರೆಯೂ ಅದೇ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: ‘ಹಂಗಾರೆ ಆ ಅಂಚಿಗೆ ಮೇಣ ಗೀಣ ಏನಾರ ಬಳಿದ್ರೆ ಆಗಲ್ವೇನಮ್ಮ?’ ಒಳ್ಳೆಯ ಪ್ರಶ್ನೆ. ಅಜ್ಜಾ, ತೆಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮುಚ್ಚಿ ಇಳಿಸಬಹುದು ಅಂದೆ. ಆದರೆ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಅಂಟು ಬಳಿಯುವುದಾದರೆ ಆ ಅಂಟಿನಲ್ಲಿರುವ ರಾಸಾಯನಿಕ ಪದರಕ್ಕೆ ತಾಗುವುದಿಲ್ಲ ಅಂತ ಮೊದಲು ಬೇರೆ ತುಂಡಿನಲ್ಲಿ ಪರೀಕ್ಷೆ ಮಾಡಬೇಕು. ಅವರು ‘ಅಂಗೈತೆ’ ಅಂತ ತಲೆಯಾಡಿಸಿ ಕೂತರು.

ಎಕ್ಸ್-ರೇ ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: ‘ಮೇಡಂ, ನಾನು ಒಂದು ಸಲ ಬ್ಯಾಡ್ಜ್ ಸಮೇತ ಕೋಟು ಒಗೆಯೋಕೆ ಹಾಕಿಬಿಟ್ಟಿದ್ದೆ. ಅದೂ ಹಾಳಾಗಿರುತ್ತಾ?’ ಈಗ ನಮ್ಮಲ್ಲಿ ಸಿಬ್ಬಂದಿ ಎದೆಗೆ ಹಾಕಿಕೊಳ್ಳುವ ಬ್ಯಾಡ್ಜ್‌ನಲ್ಲಿ ಈ ಫಿಲ್ಮ್ ಇರುವುದಿಲ್ಲ. ಅದು ಟಿಎಲ್‌ಡಿ. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್‌ನ ಬಿಲ್ಲೆಗಳು. ಬಿಸಿ ಮಾಡಿದಾಗ ಎಷ್ಟು ಬೆಳಕು ಬರುತ್ತದೆ ಅನ್ನುವುದರ ಮೇಲೆ ಡೋಸ್ ಲೆಕ್ಕ. ಅದರ ಕಥೆ ಬೇರೆ. ಆದರೆ ಒದ್ದೆಯಾದ ಬ್ಯಾಡ್ಜ್ ಬಿಚ್ಚಬೇಡಿ, ಬಿಸಿಲಿಗೆ ಇಡಬೇಡಿ, ವಿಷಯ ಮುಚ್ಚಿಡಬೇಡಿ. ನಿಮ್ಮ ರೇಡಿಯೇಷನ್ ಸುರಕ್ಷತಾ ಅಧಿಕಾರಿಗೆ ಹೇಳಿ, ಹೀಗಾಯಿತು ಅಂತ ಬರೆದು ಕಳಿಸಿ. ನಮ್ಮ ದೇಶದಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು ಅಂತ ಮಿತಿ ಇದೆ. ಮಿಲಿಸೀವರ್ಟ್ ಅಂದರೆ ಮೈಗೆ ಬಿದ್ದ ರೇಡಿಯೇಷನ್‌ನ ಅಪಾಯವನ್ನು ಅಳೆಯುವ ಮಾನ. ಆ ಲೆಕ್ಕ ನಿಮ್ಮ ಮೈಯದ್ದು. ಯಾರೋ ಬೈದಾರು ಅಂತ ಅದನ್ನು ಕಳೆದುಕೊಳ್ಳಬೇಡಿ.

ಆಮೇಲೆ ಲೋಟದ ಹತ್ತಿರ ಬಂದೆವು. ಸ್ಕೇಲ್ ಹಿಡಿದ ಹುಡುಗಿ ಟೈಮ್ ನೋಡಿದಳು. ಐವತ್ತು ನಿಮಿಷ. ಅಂಚು ಬಿಟ್ಟ ಚೀಟಿ ತೆಗೆದು ಒರೆಸಿದೆ. ಒಳಗೆ ಕಾಗದ ಬೆಳ್ಳಗೇ ಇತ್ತು. ಕತ್ತರಿಸಿದ ಚೀಟಿಯಲ್ಲಿ ಸುತ್ತಲೂ ನೀಲಿ ಪಟ್ಟಿ ಬಂದಿತ್ತು. ಅವಳು ಸ್ಕೇಲ್ ಇಟ್ಟು ‘6 ಮಿಲಿಮೀಟರ್’ ಅಂದಳು. ಇನ್ನೊಂದು ಸಲ ಬಗ್ಗಿ ನೋಡಿ, ‘ಮೂಲೆಯಲ್ಲಿ ಜಾಸ್ತಿ ಬಂದಿದೆ ಮೇಡಂ, ಎರಡೂ ಕಡೆಯಿಂದ ಸೇರಿಕೊಂಡಿದೆ’ ಅಂದಳು. ನಾನು ಅದನ್ನು ಹೇಳಿಯೇ ಇರಲಿಲ್ಲ.

ಎಲ್ಲರೂ ಟೀ ಕುಡಿಯಲು ಎದ್ದರು. ಅವಳು ಮಾತ್ರ ಅಲ್ಲೇ ನಿಂತು ಕೇಳಿದಳು: ‘ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಸಮಯ ಅಂದ್ರಲ್ಲ. ಹಂಗಾದ್ರೆ 12 ಮಿಲಿಮೀಟರ್ ಆಗೋಕೆ ಇನ್ನೂ ನೂರೈವತ್ತು ನಿಮಿಷ ಬೇಕಾ?’ ಕಾಗದಕ್ಕೂ ಆ ಲೆಕ್ಕ ಕೂಡಿಬರುತ್ತದಾ ಅಂತ ಇಟ್ಟೇ ನೋಡು ಅಂದೆ. ಚೀಟಿಯನ್ನು ಮತ್ತೆ ಲೋಟಕ್ಕೆ ಇಳಿಸಿ, ಅಂಗೈ ಮೇಲೆ ಪೆನ್ನಿನಿಂದ ಟೈಮ್ ಬರೆದುಕೊಂಡಳು.